ಕಣ್ಣಿನ ಇಂಗ್ಲಿಷು, ಕಿವಿಯ ಕನ್ನಡ

ಫೆಬ್ರುವರಿ ಬಂತೆಂದರೆ ತುಮಕೂರು, ಗುಬ್ಬಿ, ಕುಣಿಗಲ್‌ಗಳ ಪ್ರೌಢಶಾಲೆಗಳಲ್ಲಿ ವಿಶೇಷ ತರಗತಿಗಳ ಭರಾಟೆ. ಹಳ್ಳಿಗಳಿಂದ ಬೆಳಗಿನ ಮೊದಲ ಬಸ್ಸಿಗೇ ಬಂದಿಳಿದ ಹತ್ತನೆಯ ತರಗತಿಯ ಮಕ್ಕಳು ಕರಿಹಲಗೆಯ ಮೇಲಿನ ಇಂಗ್ಲಿಷ್ ವಾಕ್ಯಗಳನ್ನು ಕರ್ತರಿಯಿಂದ ಕರ್ಮಣಿಗೆ, ನೇರ ಮಾತಿನಿಂದ ಪರೋಕ್ಷ ಮಾತಿಗೆ ತಿರುಗಿಸುತ್ತ ಕೂರುತ್ತಾರೆ. ಪದಗಳ ಸ್ಪೆಲಿಂಗನ್ನು ಹತ್ತು ಹತ್ತು ಸಲ ಬರೆಯುತ್ತಾರೆ. ಗಣಿತ, ವಿಜ್ಞಾನಗಳ ಜೊತೆಗೆ ಎಸ್ಸೆಸ್ಸೆಲ್ಸಿಯಲ್ಲಿ ಗ್ರಾಮೀಣ ಮಕ್ಕಳನ್ನು ಬಹುಕಾಲದಿಂದ ಹೆದರಿಸುತ್ತ ಬಂದಿರುವ ವಿಷಯ ಇಂಗ್ಲಿಷ್. ಇಷ್ಟೆಲ್ಲ ಬರೆದು ಪಾಸಾದವರಲ್ಲಿಯೂ ಎಷ್ಟೋ ಮಂದಿ ಬೆಂಗಳೂರಿನ ಸಂದರ್ಶನವೊಂದರಲ್ಲಿ ಎರಡು ವಾಕ್ಯ ಇಂಗ್ಲಿಷಿನಲ್ಲಿ ಆಡಬೇಕಾಗಿ ಬಂದರೆ ತಡವರಿಸುತ್ತಾರೆ. ಬರೆಯಲು ಬಂದದ್ದು ಆಡಲು ಏಕೆ ಬರುವುದಿಲ್ಲ?

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಸುಮಾರು ನೂರ ಎಂಬತ್ತೈದು ವರ್ಷಗಳ ಹಿಂದೆ ಇದೇ ಗುಬ್ಬಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಪಾಠವೊಂದು ನಡೆದಿತ್ತು. ಆಗ ತಡವರಿಸುತ್ತಿದ್ದವರು ಇಂಗ್ಲಿಷರು. ಅವರು ಕಲಿಯಬೇಕಾಗಿದ್ದುದು ಕನ್ನಡ.

ಗುಬ್ಬಿಗೆ ಬಂದ ವಿದ್ಯಾರ್ಥಿಗಳು

ಬೆಂಗಳೂರಿನಲ್ಲಿ ನೆಲೆಯೂರಿದ್ದ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ 1837ರಲ್ಲಿ ಗುಬ್ಬಿಯಲ್ಲಿ ಒಂದು ಕೇಂದ್ರ ತೆರೆಯಿತು. ಅದರ ಹೊಣೆ ಹೊತ್ತು ಬಂದವರು ಥಾಮಸ್ ಹಾಡ್ಸನ್. ಎರಡು ವರ್ಷಗಳ ನಂತರ, 1839ರಲ್ಲಿ, ಐರ್ಲೆಂಡಿನ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ತರುಣ ಅವರನ್ನು ಕೂಡಿಕೊಂಡರು. ಗುಬ್ಬಿಯ ಜೊತೆಗೆ ಕುಣಿಗಲ್ ಸೀಮೆಯೂ ಅವರ ಕಾರ್ಯಕ್ಷೇತ್ರವಾಯಿತು. ಕಣ್ಣಿನ ತೊಂದರೆಯಿಂದಾಗಿ ಆರ್ಥರ್ 1841ರಲ್ಲೇ ಊರಿಗೆ ಮರಳಬೇಕಾಯಿತಾದರೂ ಮೈಸೂರು ಸೀಮೆಯ ಅನುಭವಗಳನ್ನು ಕುರಿತು 1847ರಲ್ಲಿ ಅವರು ಪ್ರಕಟಿಸಿದ ಪುಸ್ತಕ ಇಂಗ್ಲೆಂಡಿನಲ್ಲಿ ಹೆಸರಾಯಿತು.

ಇವರ ಉದ್ದೇಶ ಮತಪ್ರಚಾರ. ಆದರೆ ಸಂತೆಯಲ್ಲಿ, ಊರಬಾಗಿಲಲ್ಲಿ ನಿಂತು ಮಾತನಾಡಬೇಕಾದವನಿಗೆ ಕೇವಲ ಬರೆದು ಪಾಸಾದರೆ ಸಾಲದು. ಎದುರಿಗಿದ್ದ ರೈತ ಆಡಿದ್ದು ಅರ್ಥವಾಗಬೇಕು, ತಾನು ಆಡಿದ್ದನ್ನು ಕೇಳಿ ಆತ ನಗಬಾರದು. ಅಲ್ಪಪ್ರಾಣ ಮಹಾಪ್ರಾಣ, ಹ್ರಸ್ವ ದೀರ್ಘ, ಲಕಾರ ಳಕಾರಗಳನ್ನು ಆತ ಕಿವಿಯಿಂದಲೇ ಹಿಡಿಯಬೇಕು. ‘ಹಲ್ಲಿ’ ಎಂದರೆ ಒಂದು, ‘ಹಳ್ಳಿ’ ಎಂದರೆ ಮತ್ತೊಂದು. ಇಂಥ ವ್ಯತ್ಯಾಸಗಳನ್ನು ತಿದ್ದಿದವರು ಸ್ಥಳೀಯ ಮುನ್ಷಿಗಳು ಮತ್ತು ಊರಿನ ಜನ. ಆ ಬಗೆಯ ಕಲಿಕೆಗೆ ಪರೀಕ್ಷೆ ದಿನವೂ ನಡೆಯುತ್ತಿತ್ತು, ಪರೀಕ್ಷಕರು ದಾರಿಹೋಕರು.

ಹೀಗೆ ಕಲಿತವರು ತಮ್ಮ ನಂತರ ಬರುವವರಿಗೆಂದು ಸಾಧನಗಳನ್ನೂ ಸಿದ್ಧಪಡಿಸಿದರು. ಬಳ್ಳಾರಿಯ ಲಂಡನ್ ಮಿಷನ್‌ನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದಿದ್ದರು. ವೆಸ್ಲಿಯನ್ ಮಿಷನ್‌ನ ಡೇನಿಯಲ್ ಸ್ಯಾಂಡರ್ಸನ್ 1858ರಲ್ಲಿ ರೀವ್ ಅವರ ಕನ್ನಡ ನಿಘಂಟನ್ನು ಪರಿಷ್ಕರಿಸಿ ಹಿಗ್ಗಿಸಿದರು. ಮರುವರ್ಷವೇ, 1859ರಲ್ಲಿ, ಗುಬ್ಬಿಯ ಹಾಡ್ಸನ್ ಅವರ ಕನ್ನಡ ವ್ಯಾಕರಣ ಬೆಂಗಳೂರಿನಲ್ಲಿ ಅಚ್ಚಾಯಿತು. ಇಂಗ್ಲಿಷ್ ಬಲ್ಲವನಿಗೆ, ಅವನ ಭಾಷೆಯಲ್ಲಿಯೇ, ಕನ್ನಡದ ವಿಭಕ್ತಿ ಕ್ರಿಯಾಪದಗಳನ್ನು ವಿವರಿಸುವ ಪುಸ್ತಕ ಅದು. ಕಲಿಯುವವನ ತಾಯ್ನುಡಿಯಿಂದ ಹೊರಟು ಹೊಸ ಭಾಷೆಯನ್ನು ಮುಟ್ಟುವುದು ಅದರ ದಾರಿ.

ಬದಲಾದ ಪಾತ್ರಗಳು

ಆದರೆ ಅಷ್ಟರಲ್ಲಿ ಪಾತ್ರಗಳು ಅದಲುಬದಲಾಗಿದ್ದವು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ಉಚಿತ ಇಂಗ್ಲಿಷ್ ಶಾಲೆ 1840ರಲ್ಲಿ ಇದೇ ವೆಸ್ಲಿಯನ್ ಮಿಷನ್ನಿನ ಆಡಳಿತಕ್ಕೆ ಬಂತು. 1854ರ ವುಡ್ ಆದೇಶದ ನಂತರ ಸರ್ಕಾರದ ಶಿಕ್ಷಣ ಇಲಾಖೆ ರೂಪುಗೊಂಡಿತು. ವೆಸ್ಲಿಯನ್ ಮಿಷನ್‌ನಲ್ಲಿದ್ದು ನಿಘಂಟು ರಚಿಸಿದ್ದ ಜಾನ್ ಗ್ಯಾರೆಟ್ ಮುಂದೆ ಮೈಸೂರಿನ ಸಾರ್ವಜನಿಕ ಶಿಕ್ಷಣ ನಿರ್ದೇಶಕರಾದರು. 1857ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಹುಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವ ತನಕ ಮೈಸೂರು ಸಂಸ್ಥಾನದ ಹುಡುಗರಿಗೆ ಕಾಲೇಜಿನ ಬಾಗಿಲು ಎಂದರೆ ಮದ್ರಾಸಿನ ಮೆಟ್ರಿಕ್ಯುಲೇಷನ್.

ಇಂಗ್ಲಿಷಿನ ಸ್ವಭಾವವೇ ಇಲ್ಲಿ ಬದಲಾಯಿತು. ಗುಬ್ಬಿಯ ಸಂತೆಯಲ್ಲಿ ಯಾರೂ ಇಂಗ್ಲಿಷ್ ಆಡುತ್ತಿರಲಿಲ್ಲ; ಆಡುವ ಅಗತ್ಯವೂ ಇರಲಿಲ್ಲ. ಅಮಲ್ದಾರರ ಕಚೇರಿಯ ಗುಮಾಸ್ತನಿಗೆ ಬೇಕಾದದ್ದು ಕಾಗದ ಓದಿ ಕಾಗದ ಬರೆಯುವ ಇಂಗ್ಲಿಷ್. ಪ್ರಶ್ನೆಪತ್ರಿಕೆ ದೂರದ ಊರಿನಲ್ಲಿ ಸಿದ್ಧವಾಗುತ್ತಿತ್ತು, ಉತ್ತರಪತ್ರಿಕೆ ದೂರದ ಊರಿಗೆ ಹೋಗುತ್ತಿತ್ತು. ಹುಡುಗನ ದನಿಯನ್ನು ಪರೀಕ್ಷಕ ಕೇಳುವಂತಿರಲಿಲ್ಲ, ಕೈಬರಹವನ್ನಷ್ಟೇ ನೋಡುತ್ತಿದ್ದ. ಹಾಗಾಗಿ ಪರೀಕ್ಷೆಗೆ ಬೇಕಾದ ಸ್ಪೆಲಿಂಗ್, ಪದಾರ್ಥ, ಪದಚ್ಛೇದ, ಅನುವಾದಗಳೇ ಪಾಠವಾದವು. ಕೇಳಿ ಕಲಿಯಬೇಕಾದ ಭಾಷೆ ನೋಡಿ ಕಲಿಯುವ ವಿಷಯವಾಯಿತು.

ವಿಚಿತ್ರವೆಂದರೆ ಕಿವಿಯ ಪಾಠಕ್ಕೆ ಈ ಸೀಮೆಯಲ್ಲಿ ಬರವಿರಲಿಲ್ಲ. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ 1917ರಲ್ಲಿ ಆರಂಭವಾದ ಸಂಸ್ಕೃತ ಪಾಠಶಾಲೆಯ ಹಿಂದಿದ್ದುದು ಗುರು ಹೇಳಿದ್ದನ್ನು ಶಿಷ್ಯ ಹೇಳಿ, ತಪ್ಪಿದಲ್ಲಿ ತಿದ್ದಿಸಿಕೊಳ್ಳುವ ಪರಂಪರೆ. 1884ರಲ್ಲಿ ಹುಟ್ಟಿದ ಗುಬ್ಬಿಯ ನಾಟಕ ಸಂಘದ ನಟರೂ ಮಾತು, ಮಟ್ಟುಗಳನ್ನು ಕೇಳಿಯೇ ಕಲಿಯುತ್ತಿದ್ದರು. ಇಂಗ್ಲಿಷಿನ ತರಗತಿ ಮಾತ್ರ ಈ ಪರಂಪರೆಯನ್ನು ಹೊರಗೇ ನಿಲ್ಲಿಸಿತು.

ಅದೇ 1884ರಲ್ಲಿ ಇಂದಿನ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಒಂದು ಮಗು ಹುಟ್ಟಿತು. ಮುಂದೆ ಅದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿ ಹೆಸರಾದ ಬಿ.ಎಂ. ಶ್ರೀಕಂಠಯ್ಯ. ಅವರು 1911ರಲ್ಲಿ ಧಾರವಾಡದಲ್ಲಿ ಮಾಡಿದ ಪ್ರಸಿದ್ಧ ಭಾಷಣದ ವಿಷಯ ಕನ್ನಡ ಮಾತು ತಲೆಯೆತ್ತುವ ಬಗೆ. ಇಂಗ್ಲಿಷ್ ಕವಿತೆಗಳನ್ನು ಕನ್ನಡದ ಲಯಕ್ಕೆ ಒಗ್ಗಿಸಿದ ಅವರ ‘ಇಂಗ್ಲಿಷ್ ಗೀತಗಳು’ ಸಂಗ್ರಹ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆಯಿತು. ಎರಡು ಭಾಷೆಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿದವರಿಗೆ ಮಾತ್ರ ಸಾಧ್ಯವಾಗುವ ಕೆಲಸವದು. ಮತ್ತೊಂದೆಡೆ ಕುವೆಂಪು, ಕಡ್ಡಾಯ ಇಂಗ್ಲಿಷಿನಿಂದ ಎಷ್ಟೋ ಪ್ರತಿಭೆಗಳು ಪರೀಕ್ಷೆಯ ಹೊಸ್ತಿಲಲ್ಲೇ ಮುಗ್ಗರಿಸುತ್ತವೆ ಎಂದು ಜೀವನದುದ್ದಕ್ಕೂ ವಾದಿಸಿದರು.

ತಪ್ಪಿನ ಹಿಂದಿನ ವ್ಯಾಕರಣ

ಮುಗ್ಗರಿಸುವ ಮಗುವನ್ನು ದಡ್ಡ ಎನ್ನುವ ಮೊದಲು ಆ ತಪ್ಪುಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕುಣಿಗಲ್ ಕಡೆಯ ಹುಡುಗಿಯೊಬ್ಬಳು ‘ಎಗ್’ ಎನ್ನಲು ಹೋಗಿ ‘ಯೆಗ್’ ಎನ್ನುತ್ತಾಳೆ, ‘ಓನ್ಲಿ’ ಎನ್ನಲು ಹೋಗಿ ‘ವೋನ್ಲಿ’ ಎನ್ನುತ್ತಾಳೆ. ಅವಳು ‘ಎಲೆ’ಯನ್ನು ‘ಯೆಲೆ’ ಎಂದೂ ‘ಒಲೆ’ಯನ್ನು ‘ವೊಲೆ’ ಎಂದೂ ಹುಟ್ಟಿನಿಂದಲೇ ಆಡುತ್ತಿದ್ದಾಳೆ. ಪದದ ಮೊದಲಲ್ಲಿ ಬರುವ ಎಕಾರ ಒಕಾರಗಳಿಗೆ ಆಡುಗನ್ನಡ ಯಕಾರ ವಕಾರಗಳನ್ನು ಜೋಡಿಸುತ್ತದೆ. ಆ ನಿಯಮವನ್ನೇ ಅವಳು ಇಂಗ್ಲಿಷಿಗೂ ಅನ್ವಯಿಸುತ್ತಾಳೆ.

‘ಬಸ್’ ಹೋಗಿ ‘ಬಸ್ಸು’, ‘ಕೋರ್ಟ್’ ಹೋಗಿ ‘ಕೋರ್ಟು’ ಆಗುವುದರ ಹಿಂದೆ ಇನ್ನೂ ಹಳೆಯ ಚರಿತ್ರೆಯಿದೆ. ಹಳಗನ್ನಡದ ‘ಕಣ್’, ‘ಮಣ್’, ‘ಬಾಳ್’ಗಳು ನಡುಗನ್ನಡದ ಕಾಲಕ್ಕೆ ‘ಕಣ್ಣು’, ‘ಮಣ್ಣು’, ‘ಬಾಳು’ಗಳಾದವು. ವ್ಯಂಜನದಲ್ಲಿ ಪದ ನಿಲ್ಲಿಸುವುದನ್ನು ಕನ್ನಡದ ನಾಲಿಗೆ ಶತಮಾನಗಳ ಹಿಂದೆಯೇ ಬಿಟ್ಟಿತು. ಬಸ್ಸಿಗೆ ಉಕಾರ ಸೇರಿಸುವ ಕಂಡಕ್ಟರು ಆ ನಿಯಮದ ವಾರಸುದಾರ.

ಕನ್ನಡದಲ್ಲಿ ಬರೆದಂತೆ ಓದಬಹುದು, ಇಂಗ್ಲಿಷಿನಲ್ಲಿ ಹಾಗಲ್ಲ. ಚಾಕುವಿಗೆ ‘ನೈಫ್’ ಎನ್ನುತ್ತಾರೆ, ಬರೆಯುವಾಗ ಮೊದಲಿಗೊಂದು ‘ಕೆ’ ಅಕ್ಷರ ಹಾಕುತ್ತಾರೆ. ಹಿಂದೆ ಇಂಗ್ಲಿಷರು ಆ ಕಕಾರವನ್ನು ಉಚ್ಚರಿಸುತ್ತಲೇ ಇದ್ದರು. ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣಾಲಯ ತಂದ ಮೇಲೆ ಕಾಗುಣಿತ ನಿಧಾನವಾಗಿ ಸ್ಥಿರವಾಯಿತು. ಉಚ್ಚಾರಣೆ ಮಾತ್ರ ಬದಲಾಗುತ್ತ ಹೋಯಿತು. ಸ್ಪೆಲಿಂಗ್ ಎಂಬುದು ಹಳೆಯ ಉಚ್ಚಾರಣೆಯ ಪಳೆಯುಳಿಕೆ ಎಂದು ಹೇಳಿಕೊಟ್ಟರೆ ಮಗುವಿನ ಅರ್ಧ ಭಯ ಹೋಗುತ್ತದೆ.

ವ್ಯಾಕರಣದಲ್ಲಿಯೂ ಇದೇ ಕತೆ. ‘ನಾನು ನಾಳೆ ಬರುತ್ತೇನೆ ಎಂದು ರಾಮ ಹೇಳಿದ’ ಎನ್ನುವಾಗ ಕನ್ನಡ ರಾಮನ ಮಾತನ್ನು ಇದ್ದಂತೆಯೇ ಇಟ್ಟು ಕೊನೆಗೆ ‘ಎಂದು’ ಸೇರಿಸುತ್ತದೆ. ಇಂಗ್ಲಿಷಿನ ಪರೋಕ್ಷ ಮಾತಿನಲ್ಲಿ ‘ನಾನು’ ‘ಅವನು’ ಆಗಬೇಕು, ಕಾಲ ಹಿಂದಕ್ಕೆ ಸರಿಯಬೇಕು, ‘ನಾಳೆ’ ‘ಮರುದಿನ’ವಾಗಬೇಕು. ಮಾತಿನ ಕೊನೆಗೆ ಒಪ್ಪಿಗೆ ಕೇಳಲು ಕನ್ನಡಕ್ಕೆ ‘ಅಲ್ಲವೇ?’ ಎಂಬ ಒಂದೇ ಪದ ಸಾಕು. ಇಂಗ್ಲಿಷಿನಲ್ಲಿ ಕರ್ತೃ, ಕಾಲಗಳಿಗೆ ತಕ್ಕಂತೆ ಆ ಬಾಲ ಬದಲಾಗುತ್ತದೆ, ವಾಕ್ಯ ಹೌದೆಂದರೆ ಬಾಲ ಅಲ್ಲವೆನ್ನುತ್ತದೆ. ಇನ್ನು ಕರ್ಮಣಿ ಪ್ರಯೋಗ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬುದು ವ್ಯಾಕರಣ ಪುಸ್ತಕದ ಹೊರಗೆ ಕೇಳಿಬರುವುದು ಅಪರೂಪ. ‘ಇಲ್ಲೊಂದು ಸೇತುವೆ ಕಟ್ಟಿದ್ದಾರೆ’ ಎಂದು ಕರ್ತೃವನ್ನೇ ಕೈಬಿಡುವುದು ನಮ್ಮ ರೂಢಿ. ಇಂಗ್ಲಿಷಿನ ಕರ್ಮಣಿ ಮಾಡುವ ಕೆಲಸವೂ ಬಹುಮಟ್ಟಿಗೆ ಅದೇ.

ಆರ್ಟಿಕಲ್‌ಗಳು ಕನ್ನಡದಲ್ಲಿ ಇಲ್ಲ, ನಿಜ. ಆದರೆ ‘ಪುಸ್ತಕ ತಂದೆ’ ಎನ್ನುವುದಕ್ಕೂ ‘ಪುಸ್ತಕವನ್ನು ತಂದೆ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಯಾವುದೋ ಪುಸ್ತಕ; ಎರಡನೆಯದು ಬಹುಶಃ ಇಬ್ಬರಿಗೂ ಗೊತ್ತಿರುವ ಪುಸ್ತಕ. ಗೊತ್ತಿದ್ದದ್ದು, ಗೊತ್ತಿಲ್ಲದ್ದು ಎಂಬ ಭೇದ ಮಗುವಿನ ಮನಸ್ಸಿನಲ್ಲಿ ಮೊದಲೇ ಇದೆ. ಅದನ್ನು ಇಂಗ್ಲಿಷ್ ಬೇರೊಂದು ಜಾಗದಲ್ಲಿ ಹೇಳುತ್ತದೆ, ಅಷ್ಟೆ.

ಉಳಿದ ಪ್ರಶ್ನೆ

ಪಾಠಕ್ರಮವನ್ನು ತಿದ್ದುವ ಯತ್ನಗಳು ನಡೆಯಲಿಲ್ಲವೆಂದಲ್ಲ. 1950–60ರ ದಶಕಗಳಲ್ಲಿ ದಕ್ಷಿಣ ಭಾರತದಲ್ಲಿ ವಾಕ್ಯರಚನೆಗಳನ್ನು ಮೊದಲು ಬಾಯಲ್ಲಿ ಅಭ್ಯಾಸ ಮಾಡಿಸುವ ಪದ್ಧತಿ ಹರಡಿತು. ಅಧ್ಯಾಪಕರಿಗೆ ತರಬೇತಿ ನೀಡಲು 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಬಹುಕಾಲ ಐದನೆಯ ತರಗತಿಯಿಂದ ಶುರುವಾಗುತ್ತಿದ್ದ ಇಂಗ್ಲಿಷನ್ನು 2007–08ರಲ್ಲಿ ಒಂದನೆಯ ತರಗತಿಗೇ ತರಲಾಯಿತು. ಪ್ರಾಥಮಿಕ ಶಿಕ್ಷಣಕ್ಕೆ ತಾಯ್ನುಡಿಯ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿತು. 2019ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು ಬಂದವು.

ಚರ್ಚೆಯೆಲ್ಲ ಯಾವ ವಯಸ್ಸಿನಲ್ಲಿ, ಯಾವ ಮಾಧ್ಯಮದಲ್ಲಿ ಎಂಬುದರ ಸುತ್ತ ಸುತ್ತಿತು. ಹೇಗೆ ಎಂಬ ಪ್ರಶ್ನೆ ಹಿಂದೆಯೇ ಉಳಿಯಿತು. ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷಿನ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಮಗು ಬಾಯಿ ತೆರೆದು ಆಡಿದ ಇಂಗ್ಲಿಷನ್ನು ಮಂಡಳಿಯ ಪರೀಕ್ಷೆ ಇಂದಿಗೂ ಕೇಳಿಸಿಕೊಳ್ಳುವುದಿಲ್ಲ. ಪರೀಕ್ಷೆ ಕೇಳದ್ದನ್ನು ಮಾರ್ಚ್ ತಿಂಗಳ ಮೇಷ್ಟ್ರು ಕಲಿಸಲು ಪುರುಸೊತ್ತೆಲ್ಲಿ? ಅವರನ್ನು ದೂರಿ ಫಲವಿಲ್ಲ. ಮಕ್ಕಳನ್ನು ದಡ ಸೇರಿಸುವ ಹೊಣೆ ಅವರ ಮೇಲಿದೆ, ದಡವೆಂದರೆ ಪಾಸಿನ ಅಂಕ.

ನಷ್ಟ ಮಾತ್ರ ಎಲ್ಲರಿಗೂ ಒಂದೇ ಸಮನಲ್ಲ. ಮನೆಯಲ್ಲಿ, ನೆರೆಹೊರೆಯಲ್ಲಿ ಇಂಗ್ಲಿಷ್ ಕಿವಿಗೆ ಬೀಳುವ ನಗರದ ಮಗು ಶಾಲೆ ಕಲಿಸದ್ದನ್ನು ಬೇರೆ ಕಡೆ ಕಲಿಯುತ್ತದೆ. ರಾಗಿ ಹೊಲ, ತೆಂಗಿನ ತೋಟಗಳ ನಡುವಿನಿಂದ ಬರುವ ಮಗುವಿಗೆ ಇಂಗ್ಲಿಷ್ ಕೇಳಿಸುವ ಜಾಗ ಬಹುಮಟ್ಟಿಗೆ ತರಗತಿಯೊಂದೇ. ಅಲ್ಲಿಯೂ ಅದು ಮೌನವಾಗಿ ಹಲಗೆಯ ಮೇಲೆ ಉಳಿದರೆ ಸೋಲುವುದು ಆ ಮಗುವೇ.

ಗುಬ್ಬಿಯ ಹಳೆಯ ಪಾಠದಿಂದ ಕಲಿಯುವುದು ಇದಿಷ್ಟೇ. ಅಲ್ಲಿಗೆ ಬಂದ ಪರದೇಶಿಗಳು ತಮಗೆ ಗೊತ್ತಿದ್ದ ಭಾಷೆಯನ್ನು ಬದಿಗೊತ್ತಿ ಕನ್ನಡ ಕಲಿಯಲಿಲ್ಲ. ಅದನ್ನೇ ಊರುಗೋಲಾಗಿ ಹಿಡಿದರು. ಕೇಳಿದರು, ತಪ್ಪಿದರು, ಜನ ತಿದ್ದಿದರು, ಮತ್ತೆ ಆಡಿದರು. ಅದೇ ಊರಿನ ಹತ್ತನೆಯ ತರಗತಿಯ ಮಗುವಿನ ಬಾಯಲ್ಲಿ ಪರಿಪೂರ್ಣ ವ್ಯಾಕರಣವುಳ್ಳ ಒಂದು ಭಾಷೆ ಆಗಲೇ ಇದೆ. ಅದನ್ನು ಅಡ್ಡಿಯೆಂದು ತಿಳಿಯದೆ ಮೆಟ್ಟಿಲೆಂದು ತಿಳಿದರೆ, ತಪ್ಪಿ ಆಡಲೂ ದಿನಕ್ಕೆ ಹತ್ತು ನಿಮಿಷ ಅವಕಾಶ ಕೊಟ್ಟರೆ, ಪರೀಕ್ಷೆ ಮುಗಿದ ಮೇಲೆಯೂ ಇಂಗ್ಲಿಷ್ ಅದರ ಬಳಿ ಉಳಿದೀತು.