ರಾಮನಗರದ ಮಣಿಸರ, ಮಗಳ ಕ್ಯಾಲೆಂಡರ್

ಮುಟ್ಟಿನ ದಿನಗಳನ್ನು ಎಣಿಸುವುದು ನಮ್ಮ ಮನೆಗಳಿಗೆ ಹೊಸದಲ್ಲ. ಹಬ್ಬಕ್ಕೋ ಮದುವೆಗೋ ದಿನ ಗೊತ್ತುಮಾಡುವ ಮೊದಲು ಹೆಂಗಸರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು. 'ಹೊರಗೆ' ಕೂರುವ ದಿನ ಶುಭಕಾರ್ಯಕ್ಕೆ ಅಡ್ಡಬರಬಾರದೆಂಬುದೇ ಆ ಲೆಕ್ಕದ ಉದ್ದೇಶ. ಹನ್ನೆರಡನೆಯ ಶತಮಾನದ ಶರಣರು ರಜಸ್ಸೂತಕವೂ ಸೇರಿದಂತೆ ಐದು ಸೂತಕಗಳನ್ನು ನಿರಾಕರಿಸಿದರೂ ಬಹುಪಾಲು ಮನೆಗಳಲ್ಲಿ ಈ ಲೆಕ್ಕ ನಿಲ್ಲಲಿಲ್ಲ.

ಇದೇ ಎಣಿಕೆಯನ್ನು ಒಮ್ಮೆ ಸರ್ಕಾರವೂ ಕೈಗೆತ್ತಿಕೊಂಡಿತು. ಸಂತಾನ ನಿಯಂತ್ರಣಕ್ಕೆ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಚಿಕಿತ್ಸಾಲಯ ತೆರೆದಿತ್ತು. ಸ್ವಾತಂತ್ರ್ಯದ ನಂತರ ಕೇಂದ್ರ ಆರೋಗ್ಯ ಸಚಿವೆಯಾದ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಅನುಯಾಯಿ. ಕೃತಕ ಸಾಧನಗಳು ಅವರಿಗೆ ಒಪ್ಪಿಗೆಯಿರಲಿಲ್ಲ. ದಿನ ಎಣಿಸುವ ವಿಧಾನವನ್ನು ಪರೀಕ್ಷಿಸಲು ಅವರು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದರು. 1951ರಲ್ಲಿ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಬಂದರು. ಮರುವರ್ಷ ದೆಹಲಿಯ ಲೋದಿ ಕಾಲೊನಿ ಮತ್ತು ನಮ್ಮ ರಾಮನಗರದಲ್ಲಿ ಪ್ರಯೋಗ ಶುರುವಾಯಿತು.

ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಇದನ್ನು ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನಾಸ್ 1920ರ ದಶಕದಲ್ಲಿ ಕಂಡುಕೊಂಡಿದ್ದರು. ಓದುಬರಹ ಬಾರದವರಿಗೆ ಈ ಲೆಕ್ಕ ಸುಲಭವಾಗಲೆಂದು ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರಾದರೆ ಭಯವಿಲ್ಲ, ಕೆಂಪಾದರೆ ಗಂಡಹೆಂಡಿರು ದೂರವಿರಬೇಕು. ಆದರೆ ಮಣಿಗಳ ಸಂಖ್ಯೆಯಂತೆ ದೇಹ ನಡೆಯಲಿಲ್ಲ. ಒಬ್ಬೊಬ್ಬರ ಚಕ್ರ ಒಂದೊಂದು ಬಗೆ, ಒಬ್ಬಳದೇ ಚಕ್ರ ತಿಂಗಳಿಂದ ತಿಂಗಳಿಗೆ ಬೇರೆ. ಪ್ರಯೋಗ ನಿರೀಕ್ಷಿಸಿದ ಫಲ ಕೊಡಲಿಲ್ಲ.

ಮೈನೆರೆದ ಮಗಳಿಗೆ ಲೆಕ್ಕ ಕಲಿಸುವ ತಾಯಿಗೆ ಇದರಲ್ಲೊಂದು ಪಾಠವಿದೆ. ಪಕ್ಕದ ಮನೆಯ ಹುಡುಗಿಯ ಚಕ್ರ ಇವಳಿಗೆ ಅಳತೆಗೋಲಲ್ಲ. ಸ್ರಾವ ಕಾಣಿಸಿದ ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಅಲ್ಲಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಒಂದು ಚಕ್ರ. ಹದಿಹರೆಯದಲ್ಲಿ ಇದು 21ರಿಂದ 45 ದಿನವಾಗಬಹುದು. ಮೊದಲ ಒಂದೆರಡು ವರ್ಷ ಏರುಪೇರು ಸಹಜ. ಸ್ರಾವ ಏಳು ದಿನ ಮೀರಿದರೆ, ಮೂರು ತಿಂಗಳು ಮುಟ್ಟೇ ಆಗದಿದ್ದರೆ ಅಥವಾ ಶಾಲೆಗೆ ಹೋಗಲಾಗದಷ್ಟು ನೋವಿದ್ದರೆ ವೈದ್ಯರನ್ನು ಕಾಣಬೇಕು. ಆಗ ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಹಿಂದಿನ ಮುಟ್ಟಿನ ತಾರೀಕೂ ಒಂದು.

ಹಿಂದೆ ಈ ಎಣಿಕೆ ಮನೆಯ ಮಡಿಗಾಗಿ ನಡೆಯಿತು, ಆಮೇಲೆ ಜನಸಂಖ್ಯೆಗಾಗಿ. ಎರಡರಲ್ಲೂ ಹುಡುಗಿಯ ಆರೋಗ್ಯ ಲೆಕ್ಕಕ್ಕೆ ಬರಲಿಲ್ಲ. ತಾಯಿ ಕಲಿಸಿಕೊಡಲಿ, ಆದರೆ ಪೆನ್ಸಿಲು ಮಗಳ ಕೈಯಲ್ಲಿರಲಿ.