ಹಿಡಿ, ಒದೆತ, ಅಂಕ: 2005ರ ಪಿಸ್ತೂಲು ನಿಯಮದ ಮರುಪರಿಶೀಲನೆ

ಸ್ಪರ್ಧಾ ಪಿಸ್ತೂಲನ್ನು ಶೂಟರ್ ತನ್ನ ಕೈಗೆ ತಕ್ಕಂತೆ ತಿದ್ದಿಕೊಳ್ಳುವುದರಿಂದ ಅಂಕ ಎಷ್ಟು ಹೆಚ್ಚುತ್ತದೆ? ಈ ಪ್ರಶ್ನೆಗೆ ಎರಡು ಉತ್ತರಗಳು ಚಾಲ್ತಿಯಲ್ಲಿವೆ. ಅಥೆನ್ಸ್ ಒಲಿಂಪಿಕ್ಸ್ ನಂತರ, 2005ರಲ್ಲಿ, ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಯ ಹಳೆಯ ವಿಶೇಷ ಪಿಸ್ತೂಲನ್ನು ಕೈಬಿಟ್ಟಿತು. ಆಗ ಮೂಡಿದ ವಿವರಣೆಯ ಪ್ರಕಾರ ಹಳೆಯ ಅಂಕಗಳಲ್ಲಿ ಗಣನೀಯ ಪಾಲು ಆ ಪಿಸ್ತೂಲಿಗೇ ಸೇರಿದ್ದು. ಎರಡನೆಯದು ಇದಕ್ಕೆ ತೀರ ವಿರುದ್ಧ. 2024ರ ಪ್ಯಾರಿಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಎಡಗೈಯನ್ನು ಜೇಬಿಗಿಳಿಸಿ, ಸಾದಾ ಕನ್ನಡಕ ತೊಟ್ಟು 10 ಮೀಟರ್ ಏರ್ ಪಿಸ್ತೂಲಿನ ಮಿಶ್ರ ತಂಡ ವಿಭಾಗದಲ್ಲಿ ಬೆಳ್ಳಿ ಗೆದ್ದ ಮೇಲೆ, ಸಲಕರಣೆಯಲ್ಲಿ ಏನೂ ಇಲ್ಲ ಎಂಬ ಮಾತು ಜಗತ್ತಿನಾದ್ಯಂತ ಓಡಾಡಿತು.

ಎರಡನೆಯದನ್ನು ಬೇಗನೆ ಬದಿಗಿಡಬಹುದು. ಡಿಕೆಚ್ ಧರಿಸದೆ ಬಿಟ್ಟದ್ದು ಶೂಟಿಂಗ್ ಕನ್ನಡಕದ ಚೌಕಟ್ಟು, ಮಸೂರ, ಕಣ್ಣುಮರೆ ಮುಂತಾದ ಮುಖದ ಮೇಲಿನ ಸಾಮಾನುಗಳನ್ನು ಮಾತ್ರ. ಕೈಯಲ್ಲಿದ್ದದ್ದು ಸ್ಪರ್ಧೆಗೆಂದೇ ತಯಾರಾದ ಪಿಸ್ತೂಲು, ಅಂಗೈಯ ಆಕಾರಕ್ಕೆ ರೂಪಿಸಿದ ಹಿಡಿ. ಆ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಸರ್ಬಿಯಾದ ಜೋಡಿಯಾಗಲಿ, ಕಂಚು ಗೆದ್ದ ನಮ್ಮ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ಆಗಲಿ ಹಿಡಿದದ್ದು ಅದೇ ನಿಯಮಗಳಿಗೆ ಒಳಪಟ್ಟ ಪಿಸ್ತೂಲನ್ನೇ: ತೂಕ 1500 ಗ್ರಾಂ ಮೀರಬಾರದು, ಟ್ರಿಗರ್ ಕನಿಷ್ಠ 500 ಗ್ರಾಂ ಎಳೆತ ಬೇಡಬೇಕು, ಇಡೀ ಪಿಸ್ತೂಲು 420×200×50 ಮಿಲಿಮೀಟರ್ ಪೆಟ್ಟಿಗೆಯೊಳಗೆ ಕೂರಬೇಕು. ಛಾಯಾಚಿತ್ರದಲ್ಲಿ ಕಾಣಿಸದ ಸಲಕರಣೆ ಇಲ್ಲವೇ ಇಲ್ಲ ಎಂದು ತೀರ್ಮಾನಿಸಿದವರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಮೊದಲನೆಯ ವಿವರಣೆ ಗಂಭೀರವಾದದ್ದು. ಅದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಹಿನ್ನೆಲೆಯ ಬಗ್ಗೆ ಭಿನ್ನಾಭಿಪ್ರಾಯ ಕಡಿಮೆ. ರ‍್ಯಾಪಿಡ್ ಫೈರ್‌ನಲ್ಲಿ ಅಕ್ಕಪಕ್ಕದ ಐದು ಗುರಿಫಲಕಗಳಿಗೆ ತಲಾ ಒಂದರಂತೆ ಐದು ಗುಂಡು ಹಾರಿಸಬೇಕು. ಅದಕ್ಕೆ ಸಿಗುವ ಕಾಲ ಕ್ರಮವಾಗಿ 8, 6 ಮತ್ತು 4 ಸೆಕೆಂಡು. ಅರ್ಹತಾ ಸುತ್ತಿಗೆ ಒಟ್ಟು 60 ಗುಂಡು, ಗರಿಷ್ಠ 600 ಅಂಕ. ನಾಲ್ಕು ಸೆಕೆಂಡಿನ ಸರಣಿಯಲ್ಲಿ ತೋಳು ಕೆಳಗಿನಿಂದ ಮೇಲೇಳುವುದಕ್ಕೇ ಒಂದು ಪಾಲು ಕಾಲ ಹೋಗುವುದರಿಂದ ಪ್ರತಿ ಗುಂಡಿಗೆ ಉಳಿಯುವುದು ಒಂದು ಸೆಕೆಂಡಿಗೂ ಕಡಿಮೆ. ಗುಂಡು ಹಾರಿದಾಗ ನಳಿಗೆ ಮೇಲಕ್ಕೆ ಜಿಗಿದರೆ, ಅದು ಇಳಿದು ನಿಲ್ಲುವವರೆಗೆ ಕಾಯುವಷ್ಟು ವ್ಯವಧಾನವಿಲ್ಲ. ಹಾಗಾಗಿ ಈ ಸ್ಪರ್ಧೆಯ ಪಿಸ್ತೂಲಿನ ಚರಿತ್ರೆಯೆಂದರೆ ಬಹುಪಾಲು ಒದೆತವನ್ನು ಪಳಗಿಸಿದ ಚರಿತ್ರೆ.

ಆ ಚರಿತ್ರೆಯಲ್ಲಿ ಅತಿ ಧೈರ್ಯದ ಪ್ರಯತ್ನ ಸೋವಿಯತ್ ಒಕ್ಕೂಟದ್ದು. 1950ರ ದಶಕದ ನಡುವೆ ಅಲ್ಲಿನ ವಿನ್ಯಾಸಕರು ಪಿಸ್ತೂಲನ್ನೇ ತಲೆಕೆಳಗು ಮಾಡಿದರು. ನಳಿಗೆ ಕೈಯ ಮಟ್ಟಕ್ಕೆ ಇಳಿಯಿತು. ಒದೆತ ನೇರವಾಗಿ ತೋಳಿನ ಗುಂಟ ಹಿಂದಕ್ಕೆ ಹೋಯಿತು. ಮೂತಿ ಮೇಲೇಳುವುದಕ್ಕೆ ಕಾರಣವೇ ಉಳಿಯಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಇಂಥ ಪಿಸ್ತೂಲು ಹಿಡಿದ ಯೆವ್ಗೆನಿ ಚೆರ್ಕಾಸೊವ್ ಬೆಳ್ಳಿ ಗೆದ್ದರು. ಆಮೇಲೆ ಅದು ನಿಷೇಧವಾಯಿತು. ನಳಿಗೆಯ ಅಕ್ಷ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲಿಗಿಂತ ಮೇಲಿರಬೇಕು ಎಂಬ ನಿಯಮ ಇಂದಿಗೂ 25 ಮೀಟರ್ ಪಿಸ್ತೂಲುಗಳಿಗೆ ಅನ್ವಯಿಸುತ್ತದೆ. ಚಿನ್ನ ಮಾತ್ರ ಆ ವರ್ಷ ಹೋದದ್ದು ರುಮೇನಿಯಾದ ಸ್ಟೆಫಾನ್ ಪೆಟ್ರೆಸ್ಕುಗೆ.

ಅಕ್ಷವನ್ನು ಕೆಳಗಿಳಿಸುವ ದಾರಿ ಮುಚ್ಚಿದ ಮೇಲೆ ಉಳಿದದ್ದು ಒದೆತವನ್ನೇ ಚಿಕ್ಕದು ಮಾಡುವ ದಾರಿ. ಪಾಯಿಂಟ್ 22 ಶಾರ್ಟ್ ತೋಟಾ, ನಳಿಗೆಯಲ್ಲಿ ಅನಿಲ ಹೊರಹೋಗಲು ರಂಧ್ರಗಳು, ಮುಂಭಾಗಕ್ಕೆ ತೂಕದ ಬಿಲ್ಲೆ, ಎಷ್ಟು ಹಗುರವಾದರೂ ನಡೆಯುತ್ತಿದ್ದ ಟ್ರಿಗರ್: ಹಳೆಯ ರ‍್ಯಾಪಿಡ್ ಫೈರ್ ಪಿಸ್ತೂಲು ಈ ಸಾಮಗ್ರಿಗಳಿಂದ ಆದದ್ದು. 2005ರ ನಿಯಮ ಅದರ ಬೇರಿಗೇ ಕೈ ಹಾಕಿತು. ತೋಟಾ ಪಾಯಿಂಟ್ 22 ಲಾಂಗ್ ರೈಫಲ್ ಆಯಿತು. ಟ್ರಿಗರ್ ಕನಿಷ್ಠ 1000 ಗ್ರಾಂ ಆಯಿತು. ಶಾರ್ಟ್ ತೋಟಾದ ಗುಂಡು ಸಾಮಾನ್ಯವಾಗಿ 29 ಗ್ರೇನ್, ಲಾಂಗ್ ರೈಫಲ್‌ನದು 40 ಗ್ರೇನ್. ವೇಗ ಸಮ ಎಂದು ಹಿಡಿದರೂ ಗುಂಡಿನಿಂದ ಬರುವ ಒದೆತ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರುತ್ತದೆ.

ಇಲ್ಲಿಂದ ವಿವಾದ. ಜರ್ಮನಿಯ ರಾಲ್ಫ್ ಶೂಮನ್ 1995ರಲ್ಲಿ ಹಳೆಯ ಪಿಸ್ತೂಲಿನಿಂದ 597 ಅಂಕದ ವಿಶ್ವದಾಖಲೆ ಬರೆದರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಅರ್ಹತಾ ಸುತ್ತಿನಲ್ಲಿ ಅವರದು 596. ಹೊಸ ನಿಯಮದ ಮೊದಲ ಒಲಿಂಪಿಕ್ಸ್ ಆದ 2008ರ ಬೀಜಿಂಗ್‌ನಲ್ಲಿ ಅರ್ಹತಾ ಸುತ್ತಿನ ಅಗ್ರ ಅಂಕ ಅಮೆರಿಕದ ಕೀತ್ ಸ್ಯಾಂಡರ್ಸನ್ ಅವರ 583. ಹದಿಮೂರು ಅಂಕದ ಕುಸಿತ. ಇಷ್ಟಕ್ಕೇ ನಿಲ್ಲಿಸಿದರೆ ಪ್ರಚಲಿತ ವಿವರಣೆ ಗೆದ್ದಂತೆ: ಸಲಕರಣೆ ಕಿತ್ತುಕೊಂಡರು, ಅಂಕ ಬಿತ್ತು.

ಇನ್ನೂ ಬಲವಾದ ಸಾಕ್ಷ್ಯವನ್ನು ಆ ಪಕ್ಷದ ಪರವಾಗಿ ನಾನೇ ಒದಗಿಸಬಲ್ಲೆ. ಇಬ್ಬರು ಬೇರೆ ಬೇರೆ ಶೂಟರ್‌ಗಳನ್ನು ಹೋಲಿಸುವ ಬದಲು ಒಬ್ಬರನ್ನೇ ತೆಗೆದುಕೊಳ್ಳೋಣ. ಶೂಮನ್ 2004ರ ಅಥೆನ್ಸ್‌ನಲ್ಲಿ ಹಳೆಯ ಪಿಸ್ತೂಲು ಹಿಡಿದು 592 ಗಳಿಸಿ, ಚಿನ್ನವನ್ನೂ ಗೆದ್ದರು. ನಾಲ್ಕು ವರ್ಷದ ಬಳಿಕ ಬೀಜಿಂಗ್‌ನಲ್ಲಿ ಹೊಸ ಪಿಸ್ತೂಲಿನಿಂದ ಅವರು ಗಳಿಸಿದ್ದು 579. ಅದೇ ಕೈ, ಅದೇ ದೂರ, ಅದೇ ಕಾಲಮಿತಿ; ವ್ಯತ್ಯಾಸ ಮತ್ತೆ ಹದಿಮೂರೇ.

ಆದರೆ ಈ ಹದಿಮೂರನ್ನು ಇಡಿಯಾಗಿ ನಿಯಮದ ಲೆಕ್ಕಕ್ಕೆ ಹಾಕಲು ಮೂರು ಅಡ್ಡಿಗಳಿವೆ. ಶೂಮನ್‌ಗೆ ಬೀಜಿಂಗ್ ವೇಳೆಗೆ 46 ವರ್ಷ. ವಯಸ್ಸಿನ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲಾಗದು. ಎರಡನೆಯದಾಗಿ, ನಿಯಮ ಬದಲಾಗದೆ ಇದ್ದಾಗಲೂ ಅಂಕಗಳು ಹೆಚ್ಚುಕಡಿಮೆ ಇಷ್ಟೇ ಏರಿಳಿಯುತ್ತಿದ್ದವು. ಅಟ್ಲಾಂಟಾದಲ್ಲಿ ಚಿನ್ನ ಗೆದ್ದ ಒಟ್ಟು ಮೊತ್ತ (ಅರ್ಹತೆ ಮತ್ತು ಫೈನಲ್ ಸೇರಿ) 698.0, 2000ದ ಸಿಡ್ನಿಯಲ್ಲಿ ರಷ್ಯಾದ ಸೆರ್ಗೆಯ್ ಅಲಿಫಿರೆಂಕೊಗೆ ಚಿನ್ನಕ್ಕೆ 687.6 ಸಾಕಾಯಿತು, ಅಥೆನ್ಸ್‌ನಲ್ಲಿ 694.9. ಮೂರೂ ಒಂದೇ ಬಗೆಯ ಪಿಸ್ತೂಲಿನ ಕಾಲದವು, ಆದರೂ ಅಟ್ಲಾಂಟಾಕ್ಕೂ ಸಿಡ್ನಿಗೂ 10.4 ಅಂಕದ ಅಂತರ. ಇದಕ್ಕೆ ಯಾರೂ ನಿಯಮವನ್ನು ಹೊಣೆ ಮಾಡಿಲ್ಲ.

ಮೂರನೆಯ ಅಡ್ಡಿಯೇ ನನ್ನ ವಾದದ ತಿರುಳು. 2012ರ ಲಂಡನ್ ಅರ್ಹತಾ ಸುತ್ತಿನಲ್ಲಿ ರಷ್ಯಾದ ಅಲೆಕ್ಸೆಯ್ ಕ್ಲಿಮೊವ್ ಹೊಸ ನಿಯಮದ ಪಿಸ್ತೂಲಿನಿಂದ 592 ಗಳಿಸಿದರು. ಅದು ಆಗಿನ ವಿಶ್ವದಾಖಲೆ. (ಪದಕ ಅವರಿಗೆ ಸಿಗಲಿಲ್ಲ; ಶೂನ್ಯದಿಂದ ಆರಂಭವಾದ ಫೈನಲ್‌ನಲ್ಲಿ 30 ಹೊಡೆತ ಗಳಿಸಿ ಬೆಳ್ಳಿ ಪಡೆದವರು ಭಾರತದ ವಿಜಯ್ ಕುಮಾರ್.) ಎಂದರೆ ಹಗುರ ತೋಟಾ, ಹಗುರ ಟ್ರಿಗರ್ ಎರಡನ್ನೂ ಕಳೆದುಕೊಂಡ ಏಳೇ ವರ್ಷಗಳಲ್ಲಿ ಈ ಸ್ಪರ್ಧೆ ಅಥೆನ್ಸ್‌ನ ಶೂಮನ್ ಮಟ್ಟಕ್ಕೆ ಮರಳಿತು. ನಿಯಮ ಮಾತ್ರ ಹಿಂದಕ್ಕೆ ಹೋಗಲಿಲ್ಲ. ಹಳೆಯ ಅಂಕವನ್ನು ಕೊಡುತ್ತಿದ್ದದ್ದು ಹಳೆಯ ಸಲಕರಣೆಯೇ ಆಗಿದ್ದರೆ ಈ ಮರಳುವಿಕೆಗೆ ಕಾರಣ ಬೇರೆಲ್ಲಿಂದ ತರಬೇಕು?

ನನ್ನ ಊಹೆ ಇದು. 2005ರಲ್ಲಿ ಕಳೆದುಹೋದದ್ದು ಒದೆತವನ್ನು ತಗ್ಗಿಸುವ ಅನುಕೂಲ. ಕಳೆದುಹೋಗದೆ ಉಳಿದದ್ದು ಹಿಡಿಯನ್ನು ತಿದ್ದಿಕೊಳ್ಳುವ ಸ್ವಾತಂತ್ರ್ಯ. 300×150×50 ಮಿಲಿಮೀಟರ್ ಪೆಟ್ಟಿಗೆಯೊಳಗೆ, ಮಣಿಕಟ್ಟನ್ನು ಆವರಿಸದೆ, ಶೂಟರ್ ತನ್ನ ಹಿಡಿಯನ್ನು ಅರದಿಂದ ಉಜ್ಜಬಹುದು, ಉಪ್ಪುಕಾಗದದಿಂದ ನಯಗೊಳಿಸಬಹುದು, ಟೊಳ್ಳು ಇರುವಲ್ಲಿ ಮರದ ಪುಟ್ಟಿ ತುಂಬಬಹುದು, ಅಂಗೈಯ ಕೆಳಗಿನ ಆಸರೆಯನ್ನು ಏರಿಸಿ ಇಳಿಸಬಹುದು. ಮೊರಿನಿಯಂಥ ಹೆಸರಾಂತ ಸ್ವಿಸ್ ಸಂಸ್ಥೆ ಪಿಸ್ತೂಲಿಗಿಂತ ಮೊದಲು ಹಿಡಿಗಳಿಂದಲೇ ಹೆಸರು ಮಾಡಿದ್ದು ಈ ಕೆಲಸದ ತೂಕವನ್ನು ಹೇಳುತ್ತದೆ. ಐದು ಫಲಕಗಳ ಸಾಲಿನಲ್ಲಿ ದೇಹ ಪಕ್ಕಕ್ಕೆ ತಿರುಗುತ್ತಿರುವಾಗ ನಿರ್ಣಾಯಕವಾಗುವುದು ಮೂತಿ ಎಷ್ಟು ಎತ್ತರ ಜಿಗಿಯಿತು ಎಂಬುದಲ್ಲ, ಜಿಗಿದ ಮೇಲೆ ಪಿಸ್ತೂಲಿನ ಮುಂದಿನ ಮತ್ತು ಹಿಂದಿನ ಗುರಿಸಾಧನಗಳು ತಾವಾಗಿ ಮತ್ತೆ ಒಂದೇ ನೇರಕ್ಕೆ ಬಂದವೇ ಎಂಬುದು. ಹಳೆಯ ಚಪ್ಪಲಿ ಕಾಲಿಗೆ ಒಗ್ಗಿದಂತೆ ಹಿಡಿ ಅಂಗೈಗೆ ಒಗ್ಗಿದ್ದರೆ ಒದೆತ ದೊಡ್ಡದಾದರೂ ಪ್ರತಿ ಬಾರಿ ಒಂದೇ ರೀತಿಯದಾಗಿರುತ್ತದೆ. ಒಂದೇ ರೀತಿಯ ಒದೆತವನ್ನು ಅಭ್ಯಾಸದಿಂದ ಗೆಲ್ಲಬಹುದು.

ಇದು ಊಹೆ ಎಂದು ಮತ್ತೊಮ್ಮೆ ಒತ್ತಿ ಹೇಳಬೇಕು. 2012ರ ಚೇತರಿಕೆಯಲ್ಲಿ ಉತ್ತಮ ಲಾಂಗ್ ರೈಫಲ್ ತೋಟಾಗಳ ಪಾಲಿರಬಹುದು. ತಯಾರಕರು ಪಿಸ್ತೂಲಿನ ಒಳಭಾಗವನ್ನು ಸುಧಾರಿಸಿದ್ದರ ಪಾಲಿರಬಹುದು. ಹಳೆಯ ಪಿಸ್ತೂಲಿನ ರೂಢಿಯೇ ಇಲ್ಲದೆ ಬೆಳೆದ ಹೊಸ ಪೀಳಿಗೆಯ ಪಾಲೂ ಇರಬಹುದು. ಜೊತೆಗೆ 597ಕ್ಕೂ 592ಕ್ಕೂ ನಡುವೆ ಐದು ಅಂಕದ ಅಂತರ ಲಂಡನ್‌ವರೆಗೂ ಉಳಿದೇ ಇತ್ತು. ಒದೆತ ತಗ್ಗಿಸಿದ ಪಿಸ್ತೂಲಿನ ನಿಜವಾದ ಕೊಡುಗೆ ಬಹುಶಃ ಇಷ್ಟೇ, ಇದಕ್ಕಿಂತ ಕಡಿಮೆಯೂ ಇರಬಹುದು: ಶೂಮನ್ ಅಸಾಮಾನ್ಯ ಶೂಟರ್, ಅವರ ಅತ್ಯುತ್ತಮ ದಿನವನ್ನು ಅಳತೆಗೋಲಾಗಿ ಬಳಸುವುದೇ ಅಪಾಯ.

ಈ ಊಹೆಗೆ ಇನ್ನೊಂದು ಕಡೆಯಿಂದ ಬೆಂಬಲವಿದೆ. ಈ ಚರ್ಚೆಯಲ್ಲಿ ಅದನ್ನು ಯಾರೂ ಸಾಕಷ್ಟು ಬಳಸಿಕೊಂಡಿಲ್ಲ ಎಂದು ನನಗನ್ನಿಸುತ್ತದೆ. 50 ಮೀಟರ್ ಫ್ರೀ ಪಿಸ್ತೂಲ್ ಸ್ಪರ್ಧೆಯಲ್ಲಿ ಪಿಸ್ತೂಲಿನ ತೂಕಕ್ಕೆ ಮಿತಿಯಿರಲಿಲ್ಲ, ಟ್ರಿಗರ್‌ಗೆ ಕನಿಷ್ಠ ಎಳೆತವಿರಲಿಲ್ಲ, ಅಳತೆಯ ಪೆಟ್ಟಿಗೆಯಿರಲಿಲ್ಲ. ಹಿಡಿ ಮಣಿಕಟ್ಟನ್ನು ಬಿಗಿಯಬಾರದು, ದೂರದರ್ಶಕ ಕೂರಿಸಬಾರದು ಎಂಬಂಥ ಕೆಲವು ಕಟ್ಟುಗಳನ್ನು ಬಿಟ್ಟರೆ ತಿದ್ದುವಿಕೆಗೆ ಪೂರ್ಣ ಬಯಲು. ಸಲಕರಣೆ ಅಂಕವನ್ನು ಏರಿಸುತ್ತ ಹೋಗುತ್ತದೆ ಎನ್ನುವುದು ನಿಜವಾದರೆ ಅದು ಎಲ್ಲಕ್ಕಿಂತ ಢಾಳಾಗಿ ಕಾಣಬೇಕಾದದ್ದು ಇಲ್ಲಿ. ಆದದ್ದೇನು? 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಅಲೆಕ್ಸಾಂಡರ್ ಮೆಲೆಂಟಿಯೆವ್ 581 ಗಳಿಸಿದರು. ವಿದ್ಯುನ್ಮಾನ ಟ್ರಿಗರ್‌ಗಳು ಹರಡಿದವು, ಹಿಡಿಗಳು ಇನ್ನಷ್ಟು ವಿಸ್ತಾರವಾದವು, ಮಾದರಿಯ ಮೇಲೆ ಮಾದರಿ ಬಂದವು. ಆ 581 ಮುರಿದದ್ದು 2014ರಲ್ಲಿ, ಗ್ರನಾಡಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ದಕ್ಷಿಣ ಕೊರಿಯಾದ ಜಿನ್ ಜಾಂಗ್ ಓ 583 ಗಳಿಸಿದಾಗ. 34 ವರ್ಷ, ಎರಡು ಅಂಕ. ಮುರಿದವರೂ ಸಾಮಾನ್ಯರಲ್ಲ, 2008, 2012, 2016ರ ಮೂರೂ ಒಲಿಂಪಿಕ್ಸ್‌ನಲ್ಲಿ ಈ ಸ್ಪರ್ಧೆಯ ಚಿನ್ನ ಅವರದೇ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಸ್ಪರ್ಧಿಸಿದ ರಿಯೊ ಒಲಿಂಪಿಕ್ಸ್ ಈ ಸ್ಪರ್ಧೆಯ ಕೊನೆಯ ಒಲಿಂಪಿಕ್ಸ್ ಕೂಡ ಆಯಿತು.

ಇದರಿಂದ ತಿದ್ದುವಿಕೆ ನಿಷ್ಪ್ರಯೋಜಕ ಎಂದು ಸಾಬೀತಾಗುವುದಿಲ್ಲ. ಮೆಲೆಂಟಿಯೆವ್ ಹಿಡಿದದ್ದೂ ತಿದ್ದಿದ ಪಿಸ್ತೂಲೇ. ತಿದ್ದುವಿಕೆಯ ಲಾಭಕ್ಕೆ ಬೇಗನೆ ತುದಿ ಮುಟ್ಟುವ ಸ್ವಭಾವವಿದೆ ಎಂಬುದಷ್ಟೇ ಇದರಿಂದ ತೋರುತ್ತದೆ: ಪಿಸ್ತೂಲು ಕೈಗೆ ಒಗ್ಗುವವರೆಗೆ ಅಂಕ ಏರುತ್ತದೆ, ಒಗ್ಗಿದ ಮೇಲೆ ಇನ್ನಷ್ಟು ಸಾಮಾನು ಸೇರಿಸಿದರೆ ಅಂಕ ಸೇರುವುದು ಅಪರೂಪ. ಸೇರಿಸಿದ ಸಾಮಾನೇ ಕೆಡುಕಾಗುವುದೂ ಉಂಟು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲಿನ ವಿದ್ಯುನ್ಮಾನ ಟ್ರಿಗರ್ ವ್ಯವಸ್ಥೆ ಅರ್ಹತಾ ಸುತ್ತಿನ ನಡುವೆ ಕೈಕೊಟ್ಟು, ರಿಪೇರಿಗೆ ಅಮೂಲ್ಯ ನಿಮಿಷಗಳು ಹೋದವು. ಅವರು 575 ಅಂಕದೊಂದಿಗೆ 12ನೇ ಸ್ಥಾನದಲ್ಲಿ ಉಳಿದರು.

ಇತ್ಯರ್ಥವಾಗದೆ ಉಳಿದದ್ದು ಬಹಳ. ಒಲಿಂಪಿಕ್ಸ್‌ನ ಅಂಕಗಳು ಜಗತ್ತಿನ ತುದಿಯ ಬೆರಳೆಣಿಕೆಯ ಶೂಟರ್‌ಗಳವು; ಅವುಗಳಿಂದ ಜಿಲ್ಲಾ, ರಾಜ್ಯ ಮಟ್ಟದ ಶೂಟರ್ ಬಗ್ಗೆ ಏನನ್ನೂ ಹೇಳಲಾಗದು. ಹಿಡಿ ಸರಿಹೊಂದುವುದರ ಲಾಭ ಅಲ್ಲಿಯೇ ಅತಿ ಹೆಚ್ಚಿರಬಹುದೆಂದು ನನ್ನ ಅನುಮಾನ, ಆದರೆ ಅದಕ್ಕೆ ಬೇಕಾದ ಸಾಕ್ಷ್ಯ ಈ ಲೇಖನದಲ್ಲಿಲ್ಲ. ವಿದ್ಯುನ್ಮಾನ ಗುರಿಫಲಕಗಳು ಪ್ರತಿ ಗುಂಡು ಬಿದ್ದ ಜಾಗವನ್ನು ದಾಖಲಿಸಬಲ್ಲವು. ನಮ್ಮ ರೈಫಲ್ ಸಂಸ್ಥೆಗಳು ಮತ್ತು ತರಬೇತುದಾರರು ಆ ದಾಖಲೆಯ ಜೊತೆಗೆ ಶೂಟರ್ ಹಿಡಿಯನ್ನು ಯಾವಾಗ, ಎಲ್ಲಿ ತಿದ್ದಿದರು ಎಂಬ ಒಂದು ಸಾಲನ್ನೂ ಬರೆದಿಟ್ಟರೆ, ಮುಂದಿನ ಸಂಶೋಧಕರಿಗೆ ಪದಕಪಟ್ಟಿಯಿಂದ ಊಹಿಸುವ ತೊಂದರೆ ತಪ್ಪುತ್ತದೆ.