ಹೊಲಿಗೆ ಕಲಿಯದ ಸಿಂಪಿಗಿತ್ತಿ

ದಿನವೆಲ್ಲ ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆಯುವ ನಮಗೆ ಪ್ಯಾರಿಸ್ಸಿನ ಹೆಂಗಸರ ಉಡುಪಿನ ಗೊಡವೆ ಏಕೆಂದು ವಾಚಕ ಬಂಧುಗಳು ನಗಬಹುದು. ಎಲ್ಸಾ ಸ್ಕಿಯಾಪರೆಲ್ಲಿಯ ಚರಿತ್ರೆ ನಮ್ಮನ್ನು ಹಿಡಿದು ನಿಲ್ಲಿಸಿದುದು ಉಡುಪಿನ ಬೆಡಗಿಗಾಗಿ ಅಲ್ಲ. ಹೊಟ್ಟೆಪಾಡಿಗೆಂದು ಪರವೂರು ಸೇರಿದ ನಮ್ಮಂಥವರಿಗೆ ಆ ಕಥೆ ಹತ್ತಿರದ್ದು.

ಆಕೆ ಹುಟ್ಟಿದುದು 1890ರಲ್ಲಿ, ರೋಮ್ ನಗರದ ವಿದ್ವಾಂಸರ ಮನೆಯಲ್ಲಿ. ಮಂಗಳ ಗ್ರಹದ ಮೇಲೆ ಗೆರೆಗಳನ್ನು ಕಂಡ ಖಗೋಳಜ್ಞ ಜೊವಾನ್ನಿ ಸ್ಕಿಯಾಪರೆಲ್ಲಿ ಆಕೆಯ ದೊಡ್ಡಪ್ಪ. ಗಂಡ ಅಮೆರಿಕೆಯಲ್ಲಿ ಕೈಬಿಟ್ಟ. ಪೋಲಿಯೋ ತಗುಲಿದ ಎಳೆಯ ಮಗಳೊಡನೆ 1922ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಕೈಯಲ್ಲಿ ಕಸುಬಿರಲಿಲ್ಲ. ಹೊಲಿಗೆಯನ್ನಂತೂ ಯಾರ ಬಳಿಯೂ ಕಲಿತವಳಲ್ಲ.

ಅದೇ ಊರಿನಲ್ಲಿ ಆರ್ಮೀನಿಯದಿಂದ ಬಂದ ಹೆಂಗಸೊಬ್ಬಳು ಸ್ವೆಟರ್ ಹೆಣೆಯುತ್ತಿದ್ದಳು. ಅವಳ ಹೆಣಿಗೆ ಬಿಗಿ, ಎಳೆದರೂ ಜೋತುಬೀಳದು. ಕಪ್ಪು ಉಣ್ಣೆಯಲ್ಲಿ, ಕೊರಳಿಗೆ ಬಿಳಿಯ ರಿಬ್ಬನ್ ಕಟ್ಟಿದಂತೆ ಕಾಣುವ ಹಾಗೆ ಹೆಣೆದುಕೊಡೆಂದು ಎಲ್ಸಾ ಕೇಳಿದಳು. ರಿಬ್ಬನ್ನೇನೂ ಇಲ್ಲ, ಬರಿಯ ಕಣ್ಕಟ್ಟು! ಅದನ್ನು ತೊಟ್ಟು ಊಟದ ಕೂಟಕ್ಕೆ ಹೋದರೆ, ಅಮೆರಿಕೆಯ ಅಂಗಡಿಯೊಂದರಿಂದ 40 ಸ್ವೆಟರ್, 40 ಲಂಗಕ್ಕೆ ಬೇಡಿಕೆ. ಗಡುವು ಎರಡೇ ವಾರ. ಲಂಗ ಮಾಡುವುದು ಹೇಗೆಂದು ತಿಳಿಯದೆಯೇ ಒಪ್ಪಿಕೊಂಡಳು. ಬ್ಯಾಂಕಿನವರಾದ ನಾವು ಇಂಥ ಧೈರ್ಯಕ್ಕೆ ಸಾಲ ಕೊಡುತ್ತಿದ್ದೆವೆಂದು ಹೇಳಲಾರೆವು. ಆರ್ಮೀನಿಯದ ಹೆಂಗಸರನ್ನು ಹುಡುಕಿ ಹುಡುಕಿ ಹೆಣೆಸಿ ಸರಕು ಮುಟ್ಟಿಸಿದಳು. ಇದು 1927ರ ಮಾತು.

ಆ ಮೇಲಿನ ಹತ್ತು ವರ್ಷ ಆಕೆಯದೇ. 1935ರಲ್ಲಿ ವಾಂಡೋಮ್ ಚೌಕದಲ್ಲಿ ಅಂಗಡಿ ತೆರೆದಳು. ತನ್ನನ್ನು ಹೊಗಳಿದ, ತೆಗಳಿದ ಪತ್ರಿಕೆಯ ತುಣುಕುಗಳನ್ನೆಲ್ಲ ಬಟ್ಟೆಯ ಮೇಲೆ ಅಚ್ಚು ಹಾಕಿಸಿದಳು. ಕಪೂರ್ತಲದ ರಾಜಮನೆತನದ ಹೆಂಗಸರ ಸೀರೆಯನ್ನು ಕಂಡು, ಸೆರಗಿನಂತೆ ಇಳಿಬೀಳುವ ಉಡುಪನ್ನು ರಚಿಸಿದಳು. ಬಚ್ಚಿಡಬೇಕಾದ ಜಿಪ್ಪನ್ನು ಎದ್ದು ಕಾಣುವಂತೆ ಹೊಲಿಸಿದಳು. 1937ರಲ್ಲಿ ಚಿತ್ರಕಾರ ಸಾಲ್ವಡಾರ್ ಡಾಲಿಯೊಡನೆ ಕೂಡಿ ಬಿಳಿಯ ನಿಲುವಂಗಿಯ ಮೇಲೆ ದೊಡ್ಡದೊಂದು ಕೆಂಪು ಕಡಲ ಸಿಗಡಿಯನ್ನು ಮೂಡಿಸಿದಳು; ಪಾದರಕ್ಷೆಯ ಆಕಾರದ ಟೋಪಿಯನ್ನೂ ಮಾಡಿದಳು. ಕಾಲಿನದನ್ನು ತಲೆಗೇರಿಸಿಕೊಂಡು ಬಂದರೆ ನಮ್ಮ ಅಜ್ಜಿಯಂದಿರು ಹೊಸ್ತಿಲು ದಾಟಗೊಡುತ್ತಿದ್ದರೆ? ಕಣ್ಣು ಕುಕ್ಕುವ ಆ ಗುಲಾಬಿ ಬಣ್ಣವೂ ಆಕೆ ರೂಢಿಗೆ ತಂದುದೇ.

ಯುದ್ಧ ಬಂದಿತು. ಬಹುಕಾಲ ನ್ಯೂಯಾರ್ಕಿನಲ್ಲಿದ್ದು 1945ರಲ್ಲಿ ಮರಳಿದಾಗ ಜನರ ಅಭಿರುಚಿ ಬದಲಾಗಿತ್ತು. ಬವಣೆ ಕಂಡ ಊರಿಗೆ ಕುಚೋದ್ಯ ಬೇಡವಾಗಿತ್ತು; 1947ರಲ್ಲಿ ಕ್ರಿಸ್ತಿಯಾನ್ ಡಿಯೋರ್ ತಂದ ನೆರಿಗೆಯ ಅಗಲ ಲಂಗಗಳಿಗೆ ಜನ ಮುಗಿಬಿದ್ದರು. ಆಕೆಯ ಸಾಲ ಬೆಳೆಯಿತು. 1954ರಲ್ಲಿ ಅಂಗಡಿಯ ಬಾಗಿಲು ಹಾಕಿ, ಅದೇ ವರ್ಷ ಆತ್ಮಕಥೆಯನ್ನು ಪ್ರಕಟಿಸಿ, 1973ರಲ್ಲಿ ಪ್ಯಾರಿಸ್ಸಿನಲ್ಲಿಯೇ ತೀರಿಕೊಂಡಳು. ಬೇರೆಯವರ ಕೈಗೆ ಬಂದ ಆ ಅಂಗಡಿ 2012ರಲ್ಲಿ ಅದೇ ಚೌಕದಲ್ಲಿ ಮತ್ತೆ ತೆರೆಯಿತು. ಬಿಳಿಯ ರಿಬ್ಬನ್ನಿನ ಸ್ವೆಟರೊಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತು ಸಂಗ್ರಹಾಲಯದಲ್ಲಿದೆ.